ಸೇತುವೆ ದಾಟಿದರೆ ಕಾನೂನೇ ಬೇರೆ

ಪೆನ್ಸಿಲ್ವೇನಿಯಾದ ಷೆರಿಫ್ ಕೊಟ್ಟ ಪಿಸ್ತೂಲಿನ ಪರವಾನಗಿಗೆ ಸೇತುವೆಯಾಚೆಯ ನ್ಯೂಜೆರ್ಸಿಯಲ್ಲಿ ಕವಡೆ ಕಾಸಿನ ಕಿಮ್ಮತ್ತೂ ಇಲ್ಲ. ಈ ಮಾತನ್ನು ಇಲ್ಲಿನ ನನ್ನ ವಕೀಲಿ ಕಚೇರಿಯಲ್ಲಿ ಹೇಳಿದ್ದೇನೆ, ಫೋನಿನಲ್ಲಿ ಹೇಳಿದ್ದೇನೆ, ರಾಜ್ಯೋತ್ಸವದ ಊಟದ ಸಾಲಿನಲ್ಲಿ ನಿಂತೂ ಹೇಳಿದ್ದೇನೆ. ಕೇಳಿದವರು ತಲೆಯಾಡಿಸುತ್ತಾರೆ. ಆಮೇಲೆ ಬರುವುದು ಅದೇ ಪ್ರಶ್ನೆ: "ಮೇಡಂ, ಡ್ರೈವಿಂಗ್ ಲೈಸೆನ್ಸ್ ಎಲ್ಲ ರಾಜ್ಯಗಳಲ್ಲೂ ನಡೆಯುತ್ತದೆ, ಇದೇಕೆ ನಡೆಯುವುದಿಲ್ಲ?"

ಡ್ರೈವಿಂಗ್ ಲೈಸೆನ್ಸ್ ನಡೆಯುವುದು ರಾಜ್ಯಗಳು ಪರಸ್ಪರ ಒಪ್ಪಿಕೊಂಡಿರುವುದರಿಂದ. ಬಂದೂಕಿನ ವಿಷಯದಲ್ಲಿ ಐವತ್ತೂ ರಾಜ್ಯಗಳ ನಡುವೆ ಅಂಥ ಒಪ್ಪಂದವಿಲ್ಲ. ಕೆಲವು ರಾಜ್ಯಗಳು ತಮ್ಮತಮ್ಮಲ್ಲಿ ಮನ್ನಣೆ ಕೊಟ್ಟುಕೊಳ್ಳುತ್ತವೆ. ನ್ಯೂಜೆರ್ಸಿ ಮತ್ತು ನ್ಯೂಯಾರ್ಕ್ ಯಾರ ಪರವಾನಗಿಯನ್ನೂ ಮಾನ್ಯ ಮಾಡುವುದಿಲ್ಲ. ಎಲ್ಲ ರಾಜ್ಯಗಳೂ ಒಂದರ ಪರವಾನಗಿಯನ್ನು ಒಂದು ಒಪ್ಪಬೇಕೆಂಬ ಮಸೂದೆ 2017ರ ಡಿಸೆಂಬರ್‌ನಲ್ಲಿ ಅಮೆರಿಕ ಸಂಸತ್ತಿನ ಕೆಳಮನೆಯಾದ ಹೌಸ್‌ನಲ್ಲಿ ಪಾಸಾಯಿತು, ಮೇಲ್ಮನೆಯಾದ ಸೆನೆಟ್‌ನಲ್ಲಿ ಮತಕ್ಕೇ ಬರದೆ ಬಿದ್ದುಹೋಯಿತು. 2025ರಲ್ಲಿ ಮತ್ತೆ ಮಂಡನೆಯಾಗಿ ಸಮಿತಿಯನ್ನು ದಾಟಿತು. ಅಷ್ಟಕ್ಕೇ ವಾಟ್ಸ್‌ಆ್ಯಪ್‌ನಲ್ಲಿ "ಕಾನೂನು ಬಂತು" ಎಂಬ ಸಂದೇಶ ಓಡಾಡುತ್ತದೆ. ಸಮಿತಿ ಒಪ್ಪಿದ ಮಸೂದೆಯನ್ನು ತೋರಿಸಿ ರಾಜ್ಯ ಪೊಲೀಸ್ ಟ್ರೂಪರ್‌ನ ಕೈಯಿಂದ ತಪ್ಪಿಸಿಕೊಂಡವರು ಯಾರೂ ಇಲ್ಲ.

ನಮ್ಮವರು ಹೀಗೆ ಎಡವುವುದಕ್ಕೆ ಕಾರಣ ನನಗೆ ಅರ್ಥವಾಗುತ್ತದೆ. ಭಾರತದಲ್ಲಿ ಶಸ್ತ್ರ ಕಾಯಿದೆ ಒಂದೇ. 1959ರ ಕೇಂದ್ರದ ಕಾಯಿದೆ. ಕೊಡವರಿಗೆ ಮತ್ತು ಕೊಡಗಿನ ಜಮ್ಮಾ ಹಿಡುವಳಿದಾರರಿಗೆ ಪರವಾನಗಿಯಿಂದ ಇರುವ ವಿನಾಯಿತಿಯೂ ಕೇಂದ್ರ ಕೊಟ್ಟದ್ದೇ. 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಲಾಯಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಕೊಡಗಿನಿಂದ ಬಂದ ಹಿರಿಯ ಕಕ್ಷಿದಾರರೊಬ್ಬರು ನನ್ನ ಮುಂದೆ ಕುಳಿತು, ಕೈಲ್ ಮುಹೂರ್ತಕ್ಕೆ ಅಜ್ಜನ ಕೋವಿಯನ್ನು ಒರೆಸಿ, ನಳಿಕೆಗೆ ತೋಕ್ ಪೂ ಸಿಕ್ಕಿಸಿ ಪೂಜೆ ಮಾಡುತ್ತಿದ್ದುದನ್ನು ಬಹಳ ಹೊತ್ತು ಹೇಳಿದರು. ಕೋವಿಯ ಬಗ್ಗೆ ಅವರಿಗಿದ್ದ ಶಿಸ್ತು, ಗೌರವ ಎರಡೂ ನನಗೆ ಹಿಡಿಸಿದವು. ಆದರೂ ಅವರ ಕಾರಿನಲ್ಲಿದ್ದ ಪಿಸ್ತೂಲಿಗೆ ಅದರಿಂದ ಏನೂ ಸಹಾಯವಾಗಲಿಲ್ಲ. ಅಮೆರಿಕದಲ್ಲಿ ಬಂದೂಕು ಹೊಂದುವ ಹಕ್ಕು ಕೊಡುವ ಸಂವಿಧಾನದ ಎರಡನೇ ತಿದ್ದುಪಡಿ ಇಡೀ ದೇಶಕ್ಕೆ ಒಂದೇ. ಪಿಸ್ತೂಲನ್ನು ಯಾರು, ಎಲ್ಲಿ, ಹೇಗೆ ಇಟ್ಟುಕೊಳ್ಳಬೇಕೆಂಬ ದಿನನಿತ್ಯದ ಕಾನೂನು ಹೆಚ್ಚಾಗಿ ರಾಜ್ಯದ್ದು. ನಿಮ್ಮ ಚಕ್ರ ಯಾವ ನೆಲದ ಮೇಲಿದೆಯೋ ಆ ನೆಲದ ಕಾನೂನು ನಿಮ್ಮದು.

ರಾಜ್ಯ ರಾಜ್ಯಗಳ ನಡುವಿನ ಈ ಕಂದರ ದಿನೇದಿನೇ ಅಗಲವಾಗುತ್ತಿದೆ. ವರ್ಮಾಂಟ್ ಎಂದೂ ಪರವಾನಗಿ ಕೇಳಿದ್ದಿಲ್ಲ. 2003ರಲ್ಲಿ ಅಲಾಸ್ಕಾ, 2010ರಲ್ಲಿ ಅರಿಜೋನಾ, 2021ರಲ್ಲಿ ಟೆಕ್ಸಾಸ್, 2023ರಲ್ಲಿ ಫ್ಲಾರಿಡಾ, 2024ರಲ್ಲಿ ಲೂಸಿಯಾನಾ ಅದೇ ದಾರಿ ಹಿಡಿದವು. ಈಗ ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಪರವಾನಗಿಯಿಲ್ಲದೆ ಪಿಸ್ತೂಲನ್ನು ಮರೆಯಾಗಿ ಒಯ್ಯಬಹುದು. ಇತ್ತ 2022ರ ಜೂನ್‌ನಲ್ಲಿ ಬ್ರೂಯೆನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮನೆಯ ಹೊರಗೆ ಪಿಸ್ತೂಲು ಒಯ್ಯುವುದೂ ಹಕ್ಕೇ ಎಂದಿತು. ನ್ಯೂಯಾರ್ಕ್, ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾಗಳು "ವಿಶೇಷ ಕಾರಣ ತೋರಿಸಿ" ಎಂಬ ಷರತ್ತನ್ನು ಕೈಬಿಡಬೇಕಾಯಿತು. ಕೈಬಿಟ್ಟ ಬೆನ್ನಿಗೇ ಉದ್ಯಾನ, ಗ್ರಂಥಾಲಯ, ಆಸ್ಪತ್ರೆ, ಚಿತ್ರಮಂದಿರ ಎಂದು ನಿಷೇಧಿತ ಜಾಗಗಳ ಉದ್ದದ ಪಟ್ಟಿ ಮಾಡಿದವು. ನ್ಯೂಯಾರ್ಕ್‌ನಲ್ಲಿ ಟೈಮ್ಸ್ ಸ್ಕ್ವೇರ್ ಪೂರ್ತಿ ಆ ಪಟ್ಟಿಯಲ್ಲಿದೆ. ಮೊಕದ್ದಮೆಗಳು ನಡೆಯುತ್ತಲೇ ಇರುವುದರಿಂದ ಪಟ್ಟಿ ಬದಲಾಗುತ್ತಿರುತ್ತದೆ. ಅದಕ್ಕೇ ನಾನು ಯಾರಿಗೂ ಅದನ್ನು ಬರೆದು ಕೊಡುವುದಿಲ್ಲ, ಹೊರಡುವ ಮುನ್ನ ಕೇಳಿ ಎನ್ನುತ್ತೇನೆ.

ಅಂತರ್ಜಾಲದಲ್ಲಿ ಒಂದಿಷ್ಟು ಓದಿಕೊಂಡು ಬಂದವರು ನನಗೆ 1986ರ ಫೆಡರಲ್ ಕಾನೂನನ್ನು ತೋರಿಸುತ್ತಾರೆ. ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗುವಾಗ ನಡುವಿನ ರಾಜ್ಯವನ್ನು ಬಂದೂಕಿನೊಡನೆ ದಾಟಲು ಅದು ರಕ್ಷಣೆ ಕೊಡುತ್ತದೆ ಎಂಬುದು ನಿಜ. ಅದನ್ನು ಪೂರ್ತಿ ಓದಿ. ಹೊರಟ ಊರಿನಲ್ಲಿಯೂ ತಲುಪುವ ಊರಿನಲ್ಲಿಯೂ ಆ ಬಂದೂಕನ್ನು ಒಯ್ಯುವುದು ನಿಮಗೆ ಕಾನೂನುಬದ್ಧವಾಗಿರಬೇಕು. ಪೆನ್ಸಿಲ್ವೇನಿಯಾದ ಅಲೆನ್‌ಟೌನ್‌ನಿಂದ ಹೊರಟು ಬ್ರಿಡ್ಜ್‌ವಾಟರ್‌ನ ಬಾಲಾಜಿ ದೇವಸ್ಥಾನಕ್ಕೆ ಬರುವವರು ನ್ಯೂಜೆರ್ಸಿಯನ್ನು ದಾಟಿ ಹೋಗುತ್ತಿಲ್ಲ, ಅವರು ತಲುಪಬೇಕಾದ ಊರೇ ಇಲ್ಲಿದೆ. ಅವರ ಮಟ್ಟಿಗೆ ಆ ಕಾನೂನು ಇದ್ದೂ ಇಲ್ಲದಂತೆ. ದಾಟಿ ಹೋಗುವವರೂ ಗುಂಡು ತೆಗೆದಿಟ್ಟಿರಬೇಕು. ಬಂದೂಕಾಗಲಿ ಗುಂಡಾಗಲಿ ಕುಳಿತ ಜಾಗದಿಂದ ನೇರವಾಗಿ ಕೈಗೆ ಸಿಗುವಂತಿರಬಾರದು. ಪ್ರತ್ಯೇಕ ಡಿಕ್ಕಿ ಇಲ್ಲದ ವಾಹನವಾದರೆ ಬೀಗ ಹಾಕಿದ ಪೆಟ್ಟಿಗೆಯಲ್ಲಿರಬೇಕು, ಮತ್ತು ಆ ಪೆಟ್ಟಿಗೆ ಗ್ಲೋವ್ ಬಾಕ್ಸ್ ಆಗಲಿ, ಸೀಟುಗಳ ನಡುವಿನ ಕನ್ಸೋಲ್ ಆಗಲಿ ಆಗಿರಬಾರದು. ಇದು ಕಾನೂನಿನಲ್ಲೇ ಬಿಡಿಸಿ ಬರೆದಿರುವ ಮಾತು. ನಮ್ಮ ಕುಟುಂಬಗಳು ಓಡಿಸುವುದು ಸಿಯೆನಾ, ಒಡಿಸ್ಸಿ, ಹೈಲ್ಯಾಂಡರ್. ಇವುಗಳಲ್ಲಿ ಯಾವುದಕ್ಕೂ ಬೇರೆ ಡಿಕ್ಕಿ ಇಲ್ಲ. "ಗ್ಲೋವ್ ಬಾಕ್ಸಿಗೆ ಬೀಗ ಹಾಕಿದ್ದೆ ಮೇಡಂ" ಎಂದು ಯಾರಾದರೂ ಹೇಳಿದಾಗ ನನಗೆ ಸಿಟ್ಟು ಬರುತ್ತದೆ. ಅವರ ಹೆಂಡತಿಯ ಮುಖ ನೋಡಿ ನುಂಗಿಕೊಳ್ಳುತ್ತೇನೆ.

ನ್ಯೂಜೆರ್ಸಿಯ ನೆವಾರ್ಕ್ ವಿಮಾನ ನಿಲ್ದಾಣದಲ್ಲಿ 2005ರಲ್ಲಿ ನಡೆದದ್ದನ್ನು ಹೇಳಲೇಬೇಕು. ಯೂಟಾದ ಪ್ರಯಾಣಿಕರೊಬ್ಬರು ಅಲೆನ್‌ಟೌನ್‌ಗೆ ಹೊರಟಿದ್ದರು. ಪಿಸ್ತೂಲನ್ನು ನಿಯಮದಂತೆ ಘೋಷಿಸಿ, ಬೀಗ ಹಾಕಿ ಲಗೇಜಿಗೆ ಕೊಟ್ಟಿದ್ದರು. ನೆವಾರ್ಕ್‌ನಲ್ಲಿ ಮುಂದಿನ ವಿಮಾನ ತಪ್ಪಿತು. ಬದಲಿ ಬಸ್ ಹತ್ತಿದರೆ ಲಗೇಜ್ ಬಂದಿರಲಿಲ್ಲ. ಅದನ್ನು ಹುಡುಕಲು ಇಳಿದರು, ಬಸ್ಸೂ ಹೋಯಿತು. ಕೊನೆಗೆ ಲಗೇಜನ್ನು ಕೈಗೆ ತೆಗೆದುಕೊಂಡು ಹತ್ತಿರದ ಹೋಟೆಲಿನಲ್ಲಿ ರಾತ್ರಿ ಕಳೆದರು. ಮರುದಿನ ಕೌಂಟರಿನಲ್ಲಿ ಪ್ರಾಮಾಣಿಕವಾಗಿ ಮತ್ತೆ ಘೋಷಿಸಿದಾಗ ಬಂಧಿಸಿದರು. ಕೆಲವು ದಿನ ಜೈಲು. ಆರೋಪವನ್ನು ಆಮೇಲೆ ಕೈಬಿಟ್ಟರು, ಅವರು ಪರಿಹಾರ ಕೋರಿ ದಾವೆ ಹೂಡಿದರು. 2010ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಆ ಕೋರಿಕೆಯನ್ನು ತಳ್ಳಿಹಾಕಿತು. ಹೋಟೆಲಿನಲ್ಲಿದ್ದ ರಾತ್ರಿ ಪೆಟ್ಟಿಗೆ ಅವರ ಕೈಗೆಟಕುವಂತಿತ್ತು, ಹಾಗಾಗಿ 1986ರ ರಕ್ಷಣೆ ಸಿಗದು ಎಂದಿತು. ಅವರ ಕಷ್ಟವನ್ನು ನ್ಯಾಯಾಲಯ ಒಪ್ಪಿಕೊಂಡಿತು, ಪರಿಹಾರ ಮಾತ್ರ ಕೊಡಲಿಲ್ಲ.

2013ರಲ್ಲಿ ಫಿಲಡೆಲ್ಫಿಯಾದ ಯುವ ತಾಯಿಯೊಬ್ಬರನ್ನು ನ್ಯೂಜೆರ್ಸಿಯ ಅಟ್ಲಾಂಟಿಕ್ ಕೌಂಟಿಯಲ್ಲಿ ಸಂಚಾರಿ ತಪಾಸಣೆಗೆ ನಿಲ್ಲಿಸಿದರು. ಪಿಸ್ತೂಲಿದೆ, ಪೆನ್ಸಿಲ್ವೇನಿಯಾದ ಪರವಾನಗಿಯೂ ಇದೆ ಎಂದು ಆಕೆ ತಾವೇ ಹೇಳಿದರು. ಇಲ್ಲಿ ಪರವಾನಗಿಯಿಲ್ಲದ ಪಿಸ್ತೂಲಿಗೆ ಐದರಿಂದ ಹತ್ತು ವರ್ಷ ಶಿಕ್ಷೆ. ಗ್ರೇವ್ಸ್ ಕಾಯಿದೆಯಡಿ ಕನಿಷ್ಠ ಮೂರೂವರೆ ವರ್ಷ ಪೆರೋಲ್ ಇಲ್ಲ. ಆಕೆ ವಾರಗಟ್ಟಲೆ ಜೈಲಿನಲ್ಲಿದ್ದರು. ಆ ಪ್ರಕರಣ ದೇಶವೆಲ್ಲ ಸುದ್ದಿಯಾದ ಮೇಲೆ, ಇಂಥ ಹೊರರಾಜ್ಯದವರ ಬಗ್ಗೆ ಮೃದುವಾಗಿ ನಡೆದುಕೊಳ್ಳಲು ಪ್ರಾಸಿಕ್ಯೂಟರ್‌ಗಳಿಗೆ ಸೂಚನೆ ಹೋಯಿತು. 2015ರಲ್ಲಿ ಗವರ್ನರ್ ಕ್ರಿಸ್ಟಿ ಕ್ಷಮಾದಾನ ಕೊಟ್ಟರು. ಆ ಸೂಚನೆಯನ್ನೇ ನಂಬಿ ಸೇತುವೆ ದಾಟಬೇಡಿ. ಅದು ಪ್ರಾಸಿಕ್ಯೂಟರ್‌ನ ವಿವೇಚನೆಗೆ ಬಿಟ್ಟದ್ದು. ನೀವು ಗ್ರೀನ್ ಕಾರ್ಡ್‌ನಲ್ಲಿದ್ದರೆ ಬಂದೂಕಿನ ಅಪರಾಧ ಸಾಬೀತಾದ ಮೇಲೆ ಗಡೀಪಾರಿನ ಭಯವೂ ಸೇರಿಕೊಳ್ಳುತ್ತದೆ.

ಡಲ್ಲಾಸ್‌ನಿಂದ ಇಲ್ಲಿಗೆ ಮನೆ ಬದಲಿಸುವವರಿಗೂ ಒಂದು ಮಾತು. ಅಲ್ಲಿನ ಅಂಗಡಿಯಲ್ಲಿ ಗ್ಲಾಕ್ 17 ಜೊತೆ ಕೊಟ್ಟ ಹದಿನೇಳು ಗುಂಡಿನ ಮ್ಯಾಗಜೀನ್ ಇಲ್ಲಿ ಅಪರಾಧ. ಹತ್ತು ಗುಂಡಿಗೆ ಮಿತಿ. ಸಾಮಾನು ಸಾಗಿಸುವ ಲಾರಿಗೆ ಅಡುಗೆ ಪಾತ್ರೆಯೊಡನೆ ಅದನ್ನೂ ತುಂಬಬೇಡಿ.

ಬಂದೂಕು ಕೊಳ್ಳುವವರನ್ನು ನಾನು ಹಳಿಯುವುದಿಲ್ಲ. ಚಿನ್ನಕ್ಕಾಗಿ ಭಾರತೀಯರ ಮನೆಗಳನ್ನೇ ಗುರಿಯಿಟ್ಟು ನುಗ್ಗುತ್ತಿದ್ದ ತಂಡಗಳಿಗೆ ಈ ದೇಶದಲ್ಲಿ ಶಿಕ್ಷೆಯಾಗಿದೆ, ಜನರ ಹೆದರಿಕೆ ಸುಳ್ಳಲ್ಲ. ಹೆದರಿಕೆಯಿಂದ ಕೊಂಡದ್ದೇ ಮನೆ ಮುರಿಯಬಾರದು ಎಂಬುದು ನನ್ನ ಕಾಳಜಿ. ಅದಕ್ಕೇ ವೀಸಾದ ಮಾತನ್ನೂ ಹೇಳಬೇಕು. ಟೆಕ್ಸಾಸ್‌ನಲ್ಲಿ ಪರವಾನಗಿ ಬೇಡ ಎಂದರೆ ಎಲ್ಲರೂ ಇಟ್ಟುಕೊಳ್ಳಬಹುದು ಎಂದಲ್ಲ. ಕೆಲಸದ ಎಚ್-1ಬಿ, ಅವರ ಕುಟುಂಬದವರ ಎಚ್-4, ವಿದ್ಯಾರ್ಥಿ, ಸಂದರ್ಶಕ ವೀಸಾದವರು ಬಂದೂಕನ್ನಾಗಲಿ ಗುಂಡನ್ನಾಗಲಿ ವಶದಲ್ಲಿಟ್ಟುಕೊಳ್ಳುವುದನ್ನು ಫೆಡರಲ್ ಕಾನೂನೇ ನಿಷೇಧಿಸಿದೆ. ಬೇಟೆಯ ಪರವಾನಗಿ ಇರುವವರಿಗೆ ಮತ್ತು ಇನ್ನು ಕೆಲವರಿಗೆ ವಿನಾಯಿತಿ ಇದೆ. ಅದು ನಿಮಗೆ ಅನ್ವಯಿಸುತ್ತದೆಯೇ ಎಂದು ವಕೀಲರನ್ನು ಕೇಳದೆ ನಂಬಬೇಡಿ. ವಾರಾಂತ್ಯದಲ್ಲಿ ಸಹೋದ್ಯೋಗಿಗಳ ಜೊತೆ ಶೂಟಿಂಗ್ ರೇಂಜ್‌ಗೆ ಹೋಗಿ ಬಾಡಿಗೆ ಪಿಸ್ತೂಲು ಹಿಡಿದರೂ ಅದು ವಶದಲ್ಲಿದ್ದಂತೆಯೇ ಎಣಿಕೆಯಾಗಬಹುದು. ಫ್ಲಾರಿಡಾದಲ್ಲಿ ವಿದ್ಯಾರ್ಥಿ ವೀಸಾ ಕಳೆದುಕೊಂಡ ಯುವಕನೊಬ್ಬನ ಮೊಕದ್ದಮೆ ಹುಟ್ಟಿದ್ದು ರೇಂಜ್‌ಗೆ ಹೋದದ್ದರಿಂದಲೇ. 2019ರಲ್ಲಿ ಸುಪ್ರೀಂ ಕೋರ್ಟ್, ತನ್ನ ವಲಸೆ ಸ್ಥಿತಿ ಏನೆಂಬುದು ಆರೋಪಿಗೆ ಗೊತ್ತಿತ್ತು ಎಂದು ಸರ್ಕಾರ ಸಾಬೀತು ಮಾಡಬೇಕು ಎಂದಿತು. ಆ ತೀರ್ಪಿನಿಂದ ಅವನಿಗೆ ಅನುಕೂಲವಾಯಿತು. ನಿಮಗೆ ಆಗುವುದು ಕಷ್ಟ. ತಾನು ಎಚ್-1ಬಿಯಲ್ಲಿದ್ದೇನೆ ಎಂಬುದು ಗೊತ್ತಿಲ್ಲದವರು ಯಾರಿದ್ದಾರೆ?

ಗಂಡ ಗ್ರೀನ್ ಕಾರ್ಡ್, ಊರಿನಿಂದ ಬಂದಿರುವ ಅತ್ತೆ ಮಾವ ಸಂದರ್ಶಕ ವೀಸಾ, ಒಡವೆಯೂ ಪಿಸ್ತೂಲೂ ಒಂದೇ ತಿಜೋರಿಯಲ್ಲಿ, ಅದರ ಸಂಖ್ಯೆ ಮನೆಮಂದಿಗೆಲ್ಲ ಗೊತ್ತು. ಇಂಥ ಮನೆಗಳು ಬೇಕಾದಷ್ಟಿವೆ. ತಿಜೋರಿ ತೆರೆಯಬಲ್ಲವರ ವಶದಲ್ಲೂ ಪಿಸ್ತೂಲಿದೆ ಎಂದು ಪ್ರಾಸಿಕ್ಯೂಟರ್ ವಾದಿಸಲು ಅಷ್ಟು ಸಾಕಾಗಬಹುದು. ಒಡವೆಗೆ ಬೇರೆ ಪೆಟ್ಟಿಗೆ ತನ್ನಿ, ಪಿಸ್ತೂಲಿನ ತಿಜೋರಿಯ ಸಂಖ್ಯೆಯನ್ನು ಹಿರಿಯರನ್ನು ಕರೆತರಲು ವಿಮಾನ ನಿಲ್ದಾಣಕ್ಕೆ ಹೊರಡುವ ಮುಂಚೆಯೇ ಬದಲಿಸಿ.