ಪದ ಪರಿಚಯ: ಎರೋಟಿಕ್ ಥ್ರಿಲ್ಲರ್

ಸಿನಿಮಾದಲ್ಲಿ ಒಂದು ಕೊಲೆ, ನಾಲ್ಕು ಹಸಿಬಿಸಿ ದೃಶ್ಯ ಇದ್ದ ಮಾತ್ರಕ್ಕೆ ಅದು ಎರೋಟಿಕ್ ಥ್ರಿಲ್ಲರ್ ಆಗುವುದಿಲ್ಲ. ಆ ದೃಶ್ಯಗಳನ್ನು ಕತ್ತರಿಸಿದರೂ ಕಥೆ ಸಲೀಸಾಗಿ ಸಾಗಿದರೆ ಅದು ಮಸಾಲೆ ಹಾಕಿದ ಪತ್ತೇದಾರಿ ಚಿತ್ರ, ಅಷ್ಟೆ. ಈ ಪ್ರಕಾರದಲ್ಲಿ ಯಾರು ಯಾರನ್ನು ಬಯಸುತ್ತಾರೆ ಎನ್ನುವುದರ ಮೇಲೇ ಯಾರು ಯಾರನ್ನು ಮುಗಿಸುತ್ತಾರೆ ಎನ್ನುವುದೂ ನಿಂತಿರುತ್ತದೆ.

ಇದರ ಬೇರು 1940ರ ದಶಕದ ಹಾಲಿವುಡ್‌ನ ಫಿಲ್ಮ್ ನುವಾರ್‌ನಲ್ಲಿದೆ. ಕರಾಳ ನೆರಳು-ಬೆಳಕಿನ ಅಪರಾಧ ಚಿತ್ರಗಳಿಗೆ ಆ ಹೆಸರು. ಆಗ ಪ್ರೊಡಕ್ಷನ್ ಕೋಡ್, ಅಂದರೆ ಚಿತ್ರೋದ್ಯಮ ತನಗೆ ತಾನೇ ಹಾಕಿಕೊಂಡ ನೀತಿ ನಿಯಮಾವಳಿ, ಜಾರಿಯಲ್ಲಿತ್ತು. ತೆರೆಯ ಮೇಲೆ ಹೆಚ್ಚೇನೂ ತೋರಿಸುವಂತಿರಲಿಲ್ಲ, ತಪ್ಪಿತಸ್ಥರು ಪಾರಾಗುವಂತಿರಲಿಲ್ಲ. ತೋರಿಸಲಾಗದ್ದನ್ನು ಛಾಯಾಗ್ರಾಹಕರು ನೆರಳಿನಲ್ಲಿ ಹೇಳಿದರು. 1944ರ 'ಡಬಲ್ ಇಂಡೆಮ್ನಿಟಿ'ಯಲ್ಲಿ ಕಿಟಕಿಯ ಪಟ್ಟಿಪರದೆಯ ನೆರಳು ನಾಯಕನ ಮೈಮೇಲೆ ಜೈಲಿನ ಸರಳುಗಳ ಹಾಗೆ ಬೀಳುತ್ತದೆ. ಅವನು ಬಲೆಗೆ ಬಿದ್ದದ್ದು ಅವನಿಗಿಂತ ಮೊದಲು ನಮಗೆ ಗೊತ್ತಾಗುತ್ತದೆ. 1968ರಲ್ಲಿ ಕೋಡ್ ಹೋಗಿ ವಯಸ್ಸಿಗೆ ತಕ್ಕ ರೇಟಿಂಗ್ ಪದ್ಧತಿ ಬಂತು, ಮೈ ತೆರೆಗೆ ಬಂತು. ನೆರಳು, ಕನ್ನಡಿ, ಗಾಜು ಮಾತ್ರ ಹಾಗೇ ಉಳಿದವು. ಒಳ್ಳೆಯ ಎರೋಟಿಕ್ ಥ್ರಿಲ್ಲರ್‌ನಲ್ಲಿ ಕ್ಯಾಮೆರಾದ ಚೆಲುವು ಬರೀ ಅಲಂಕಾರವಲ್ಲ. ಪಾತ್ರದ ಜೊತೆ ನೋಡುಗನನ್ನೂ ಮರುಳು ಮಾಡುವ ಸಂಚು.

ಆ ಸಂಚಿನ ನಡುವೆ ನಿಂತವಳು ಫೆಮ್ ಫಟಾಲ್, ಅಂದರೆ ಮೋಹಿಸಿ ಮುಳುಗಿಸುವ ಹೆಣ್ಣು. ರಕ್ಷಣೆಗಾಗಿ ಕಾಯುವ ನಾಯಕಿ ಇವಳಲ್ಲ. ತನ್ನನ್ನು ಯಾರು, ಹೇಗೆ ನೋಡುತ್ತಿದ್ದಾರೆ ಎಂಬುದು ಅವಳಿಗೆ ಗೊತ್ತು. ಆ ನೋಟವನ್ನೇ ದಾಳವಾಗಿ ಉರುಳಿಸುತ್ತಾಳೆ. ಹಳೆಯ ನುವಾರ್‌ನಲ್ಲಿ ಕೊನೆಗೆ ಅವಳು ಸಾಯಬೇಕಿತ್ತು, ಇಲ್ಲವೇ ಜೈಲು ಸೇರಬೇಕಿತ್ತು. 1981ರ 'ಬಾಡಿ ಹೀಟ್'ನಲ್ಲಿ (ಅಂತ್ಯ ಬಿಟ್ಟುಕೊಡದೆ ವಿಧಿಯಿಲ್ಲ) ಅವಳ ಮೋಹಕ್ಕೆ ಬಿದ್ದ ವಕೀಲ ಜೈಲು ಸೇರುತ್ತಾನೆ, ಕ್ಯಾಥ್ಲೀನ್ ಟರ್ನರ್‌ಳ ಪಾತ್ರ ಕಡಲ ದಂಡೆಯಲ್ಲಿ ಬಿಸಿಲು ಕಾಯಿಸುತ್ತಿರುತ್ತದೆ. ಎಲ್ಲ ಪ್ರೇಕ್ಷಕರಿಗೂ ಇಷ್ಟು ಧೈರ್ಯ ಒಗ್ಗಲಿಲ್ಲ. 1987ರ 'ಫೇಟಲ್ ಅಟ್ರಾಕ್ಷನ್'ನ ಮೊದಲ ಅಂತ್ಯದಲ್ಲಿ ಮದುವೆಯಾದ ನಾಯಕನ ಬೆನ್ನುಬಿದ್ದ ಪ್ರೇಯಸಿ ತಾನೇ ಪ್ರಾಣ ಕಳೆದುಕೊಳ್ಳುತ್ತಿದ್ದಳು. ಪ್ರಾಯೋಗಿಕ ಪ್ರದರ್ಶನಗಳಲ್ಲಿ ಜನ ಒಪ್ಪದ್ದರಿಂದ, ನಾಯಕನ ಹೆಂಡತಿಯ ಗುಂಡಿಗೆ ಅವಳು ಬಲಿಯಾಗುವಂತೆ ಮತ್ತೆ ಚಿತ್ರೀಕರಿಸಿದರು. ನನ್ನ ಕಣ್ಣಿಗೆ ಅದು ಹಿಂದೆ ಇಟ್ಟ ಹೆಜ್ಜೆ.

ಈಚಿನವುಗಳಲ್ಲಿ ಪಾರ್ಕ್ ಚಾನ್-ವೂಕ್ ನಿರ್ದೇಶನದ 2016ರ ಕೊರಿಯನ್ ಚಿತ್ರ 'ದ ಹ್ಯಾಂಡ್‌ಮೇಡನ್' ನೋಡಬೇಕು. ಜಪಾನ್ ಆಳ್ವಿಕೆಯ ಕೊರಿಯಾದಲ್ಲಿ ಒಬ್ಬ ಶ್ರೀಮಂತ ಹೆಣ್ಣು, ಅವಳನ್ನು ವಂಚಿಸಲು ಸೇವಕಿಯಾಗಿ ಬಂದ ಇನ್ನೊಬ್ಬ ಹೆಣ್ಣು. ಗಂಡಸರು ಹೆಣೆದ ಸಂಚು ಈ ಇಬ್ಬರ ಪ್ರೇಮದಲ್ಲಿ ತಲೆಕೆಳಗಾಗುತ್ತದೆ. ಇಲ್ಲಿ ಯಾರ ಪಾಲಿಗೆ ಯಾರು ಫೆಮ್ ಫಟಾಲ್ ಎಂದು ಹೇಳುವುದೇ ಕಷ್ಟ.