ಆಡಿನ ಗಂಟೆ ಮತ್ತು ಹೊಸ್ತಿಲ ಕೆಳಗಿನ ಕೂಸು

ಬೆಳಗಾವಿಯ ಜುಲೈ ಮಳೆ ಗೊತ್ತಲ್ಲ, ಒಮ್ಮೆ ಹಿಡಿದರೆ ಬಿಡುವುದೇ ಇಲ್ಲ. ಅಂಥ ಒಂದು ಭಾನುವಾರ ಟಿಳಕವಾಡಿಯಲ್ಲಿ ಅಣ್ಣನ ಮನೆಗೆ ಹೋಗಿದ್ದೆ. ಒಳಗಿನ ಕೋಣೆಯಿಂದ ಗಂಟೆಯ ಸದ್ದು ಬಂತು, ಆಡಿನ ಕೊರಳಿಗೆ ಕಟ್ಟುತ್ತಾರಲ್ಲ ಅಂಥದ್ದು. ಅದರ ಹಿಂದೆಯೇ ಅಣ್ಣನ ಮಗನ ಜೋರು ನಗು. ಚಹಾ ಕಪ್ಪು ಹಿಡಿದುಕೊಂಡೇ ಹೋಗಿ ನೋಡಿದೆ.

ಕಂಪ್ಯೂಟರಿನಲ್ಲಿ ಬಿಳಿ ಕೂದಲಿನ ಒಬ್ಬ ಬೇಟೆಗಾರ. ಬೆನ್ನಿಗೆ ಎರಡು ಖಡ್ಗ, ಮುಖದ ಮೇಲೆ ಗಾಯದ ಗುರುತು. ರಾಕ್ಷಸರನ್ನು ಕೊಲ್ಲುವುದೇ ಅವನ ಕಸುಬು. ಅಂಥವನು ಕೈಯಲ್ಲಿ ಪುಟ್ಟ ಗಂಟೆ ಹಿಡಿದು ಅಲ್ಲಾಡಿಸುತ್ತಾ ನಡೆಯುತ್ತಿದ್ದ. ಹಿಂದೆ ಒಂದು ಆಡು. ಅದರ ಹೆಸರು ಪ್ರಿನ್ಸೆಸ್. ಸ್ವಲ್ಪ ಗಮನ ತಪ್ಪಿದರೆ ಸಾಕು, ಅದು ದಾರಿ ಬಿಟ್ಟು ಮೇಯಲು ಹೋಗುತ್ತಿತ್ತು.

"ಕಾಕಾ, ನೋಡ್ರಿ ಇಲ್ಲಿ! ಇಷ್ಟು ದೊಡ್ಡ ಬೇಟೆಗಾರ ಆಡು ಕಾಯಾಕ ಹತ್ಯಾನ!"

ನಾನೂ ನಕ್ಕೆ. ಒಂದು ತಾಸು ಬಿಟ್ಟು ಮತ್ತೆ ಆ ಕಡೆ ಹೋದಾಗ ಹುಡುಗ ಮುಂದಕ್ಕೆ ಬಾಗಿ ಕೂತಿದ್ದ. ಏನಾಯ್ತೋ ಅಂದೆ. ತಿರುಗದೆಯೇ ಹೇಳಿದ: "ಈಗ ಮಾತಾಡ್ಸಬ್ಯಾಡ್ರಿ ಕಾಕಾ."

ಪರದೆಯ ಮೇಲೆ ಕತ್ತಲು. ಒಬ್ಬ ದಪ್ಪ ಮನುಷ್ಯ ತೋಳಲ್ಲಿ ಏನನ್ನೋ ಹೊತ್ತು ನಡೆಯುತ್ತಿದ್ದ. ಅದು ಅವನದೇ ಕೂಸು. ಹುಟ್ಟುವ ಮೊದಲೇ ಸತ್ತದ್ದು. ಅವನು ಕುಡಿದು ಹೆಂಡತಿಯನ್ನು ಹೊಡೆಯುತ್ತಿದ್ದವನು. ಗರ್ಭ ಇಳಿದುಹೋಯಿತು. ಹೆಸರಿಡದೆ, ಸಂಸ್ಕಾರ ಮಾಡದೆ ಹೂತಿದ್ದಕ್ಕೆ ಆ ಭ್ರೂಣ ಈಗ ಪಿಶಾಚಿಯಾಗಿ ಎದ್ದಿದೆ. ಅದಕ್ಕೆ ಶಾಂತಿ ಸಿಗಬೇಕಾದರೆ ಅಪ್ಪನೇ ಅದನ್ನು ಎತ್ತಿಕೊಂಡು ಬಂದು, ಹೆಸರಿಟ್ಟು, ಮನೆಯ ಹೊಸ್ತಿಲ ಕೆಳಗೆ ಹೂಳಬೇಕು. ಡೇಯಾ ಅಂತ ಹೆಸರಿಡುತ್ತಾನೆ. ನಾನು ಬಾಗಿಲಲ್ಲೇ ನಿಂತುಬಿಟ್ಟೆ.

ಆ ಗೇಮ್ 'ದಿ ವಿಚರ್ 3'. ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ 2015ರಲ್ಲಿ ಹೊರತಂದದ್ದು. ರೋಲ್ ಪ್ಲೇಯಿಂಗ್ ಗೇಮ್, ಅಂದರೆ ಆಡುವವನೇ ಒಂದು ಪಾತ್ರವಾಗಿ ಆ ಲೋಕದಲ್ಲಿ ಓಡಾಡಬೇಕು. ಆಡು ಮತ್ತು ಕೂಸು ಎರಡೂ ಒಂದೇ ಕಥೆಯ ತುಂಡುಗಳು. ಆಡಿನ ಯಜಮಾನ ಒಬ್ಬ ಹಳ್ಳಿ ಮಂತ್ರವಾದಿ. ತನ್ನ ಆಡು ತಂದುಕೊಟ್ಟರೆ ಮಾತ್ರ ಆ ಮನೆಯ ಗುಟ್ಟು ಹೇಳುತ್ತೇನೆ ಅನ್ನುತ್ತಾನೆ. ಹುಡುಗ ನಗುನಗುತ್ತಾ ಬಾರಿಸಿದ ಗಂಟೆಯೇ ಅವನನ್ನು ಆ ಕೂಸಿನ ಹತ್ತಿರ ಕರೆದುಕೊಂಡು ಹೋಗಿತ್ತು.

ಆಡು ಇಲ್ಲದಿದ್ದರೂ ಆ ಹೊಸ್ತಿಲು ಅಷ್ಟೇ ಭಾರ ಅನಿಸುತ್ತಿತ್ತಾ? ಇಲ್ಲ ಅಂತ ನನಗನಿಸುತ್ತದೆ. ಯಾಕೆ ಅನ್ನುವುದಕ್ಕೆ ಸಮುದ್ರದ ಒಂದು ಬಸವನಹುಳುವಿನಿಂದ ಶುರು ಮಾಡಬೇಕು.

ಅದರ ಹೆಸರು ಅಪ್ಲೀಸಿಯಾ. ಮೆತ್ತನೆ ಮೈ, ಹೊರಗೆ ಚಿಪ್ಪು ಕಾಣುವುದಿಲ್ಲ. ನಮ್ಮ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿದ್ದರೆ ಇದಕ್ಕೆ ಇರುವುದು ಸುಮಾರು 20 ಸಾವಿರ. ಅವೂ ದೊಡ್ಡ ದೊಡ್ಡವು, ಒಂದೊಂದನ್ನೇ ಗುರುತು ಹಿಡಿಯಬಹುದು. ಎರಿಕ್ ಕ್ಯಾಂಡೆಲ್ ಅನ್ನುವ ವಿಜ್ಞಾನಿ ವರ್ಷಗಟ್ಟಲೆ ಇದರ ಜೊತೆ ಕೆಲಸ ಮಾಡಿದರು, 2000ದಲ್ಲಿ ನೊಬೆಲ್ ಪಡೆದರು. ಅದರ ಮೈ ಮೇಲಿನ ಒಂದು ಕೊಳವೆಯನ್ನು ಮೆಲ್ಲಗೆ ಮುಟ್ಟಿದರೆ ಹುಳು ಗಾಬರಿಯಾಗಿ ಕಿವಿರನ್ನು ಒಳಗೆ ಎಳೆದುಕೊಳ್ಳುತ್ತದೆ. ಮತ್ತೆ ಮುಟ್ಟಿದರೆ ಮತ್ತೆ ಎಳೆದುಕೊಳ್ಳುತ್ತದೆ, ಆದರೆ ಸ್ವಲ್ಪ ಕಡಿಮೆ. ಹತ್ತು ಸಲ ಮುಟ್ಟುವಷ್ಟರಲ್ಲಿ ಅದು ಸುಮ್ನೆ ಇರುತ್ತದೆ. ಹುಳು ದಣಿದಿರುವುದಿಲ್ಲ. ಮುಟ್ಟಿದ್ದನ್ನು ತಿಳಿಸುವ ನರಕೋಶವು ಕಿವಿರು ಎಳೆಯುವ ನರಕೋಶಕ್ಕೆ ದಾಟಿಸುವ ರಾಸಾಯನಿಕ ಸಲಸಲಕ್ಕೂ ಕಡಿಮೆಯಾಗುತ್ತಾ ಹೋಗಿರುತ್ತದೆ, ಅಷ್ಟೇ.

ಈಗ ಬಾಲಕ್ಕೆ ಒಂದು ಸಣ್ಣ ಶಾಕ್ ಕೊಡಿ. ಬೇರೆ ಜಾಗ, ಬೇರೆ ಥರದ ಅನುಭವ. ಆಮೇಲೆ ಮೊದಲಿನ ಹಾಗೆಯೇ ಮೆಲ್ಲಗೆ ಮುಟ್ಟಿ. ಕಿವಿರು ಮತ್ತೆ ಜೋರಾಗಿ ಒಳಗೆ ಹೋಗುತ್ತದೆ! ಮರಗಟ್ಟಿದ್ದ ಪ್ರತಿಕ್ರಿಯೆ ಮತ್ತೆ ಜೀವ ಪಡೆಯಿತು. ಅದೇ ಸ್ಪರ್ಶವನ್ನು ಇನ್ನೂ ನೂರು ಸಲ ಕೊಟ್ಟಿದ್ದರೆ ಹೀಗಾಗುತ್ತಿರಲಿಲ್ಲ, ಬೇರೆಯದೊಂದು ನಡುವೆ ಬರಬೇಕಾಯಿತು.

ಹುಳುವಿನ ಕಿವಿರಿಗೂ ಮನುಷ್ಯನ ದುಃಖಕ್ಕೂ ನಡುವಿನ ದಾರಿ ಬಹಳ ದೂರದ್ದು, ಒಪ್ಪುತ್ತೇನೆ. ಆದರೆ ರೂಢಿಯಾಗಿಬಿಡುವುದು ಅನ್ನುವ ಈ ಗುಣ ನಮ್ಮಲ್ಲೂ ಇದೆ. ಸವದತ್ತಿ ಕಡೆಯ ಬಸ್ಸಿನಲ್ಲಿ ಎಂಜಿನ್ ಪಕ್ಕ ಕೂತವರನ್ನು ಕೇಳಿ. ಮೊದಲ ಐದು ನಿಮಿಷ ತಲೆ ಸಿಡಿಯುತ್ತದೆ, ಆಮೇಲೆ ನಿದ್ದೆಯೇ ಬರುತ್ತದೆ. ಎಂಜಿನ್ ಬಂದ್ ಆದಾಗಲೇ ಎಚ್ಚರ.

ಅಣ್ಣನ ಮಗನಿಗೆ ಇದು ಚೆನ್ನಾಗಿ ಗೊತ್ತು. ಅವನು ಎಂಜಿನಿಯರಿಂಗ್ ಮೂರನೇ ವರ್ಷ. ಮೂವರು ಗೆಳೆಯರ ಜೊತೆ ಸೇರಿ ಗೋಡೋ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಒಂದು ಸಣ್ಣ ಗೇಮ್ ಮಾಡುತ್ತಿದ್ದಾನೆ. ಬರಗಾಲ ಬಿದ್ದ ಒಂದು ಹಳ್ಳಿ, ಒಣಗಿದ ಬಾವಿ, ಬಾವಿಯೊಳಗೆ ಏನೋ ಇದೆ. ಮೊದಲ ಸಲ ಮಾಡಿದಾಗ ಎಲ್ಲವೂ ಕತ್ತಲೆಯೇ. ಮನೆ ಮನೆಯಲ್ಲಿ ಹೆಣ, ಗೋಡೆ ಮೇಲೆ ರಕ್ತ, ಹಿನ್ನೆಲೆಯಲ್ಲಿ ಅಳು. ಹಾಸ್ಟೆಲಿನ ಹುಡುಗರನ್ನು ಕೂರಿಸಿ ಆಡಿಸಿದರು. ಹತ್ತು ನಿಮಿಷ ಹೆದರಿದರು. ಅರ್ಧ ತಾಸಿನ ಹೊತ್ತಿಗೆ ಹೆಣದ ಮೇಲೆ ಹಾರಿಕೊಂಡು ಮುಂದೆ ಓಡುತ್ತಿದ್ದರು. ಒಬ್ಬ ಆಡುತ್ತಾ ಫೋನಿನಲ್ಲಿ ಮಾತಾಡಿದ.

ಹಾಗಾದರೆ ನಡುವೆ ನಗಿಸಿಬಿಟ್ಟರೆ ಆಯ್ತಲ್ಲ? ಅಷ್ಟು ಸುಲಭವಲ್ಲ. ಇಲ್ಲಿ ದೇಹದ ಲೆಕ್ಕ ಬರುತ್ತದೆ.

ಬಾರ್ಬರಾ ಫ್ರೆಡ್ರಿಕ್ಸನ್ ಮತ್ತು ರಾಬರ್ಟ್ ಲೆವೆನ್ಸನ್ ಎಂಬ ಮನೋವಿಜ್ಞಾನಿಗಳು 1998ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಜನರಿಗೆ ಮೊದಲು ಹೆದರಿಸುವ ದೃಶ್ಯ ತೋರಿಸಿದರು. ಆಮೇಲೆ ಕೆಲವರಿಗೆ ನಗು ತರಿಸುವುದು, ಕೆಲವರಿಗೆ ನೆಮ್ಮದಿ ಕೊಡುವುದು, ಕೆಲವರಿಗೆ ದುಃಖದ್ದು, ಇನ್ನು ಕೆಲವರಿಗೆ ಯಾವ ಭಾವವೂ ಇಲ್ಲದ್ದು. ನಗುವಿನ ಅಥವಾ ನೆಮ್ಮದಿಯ ದೃಶ್ಯ ನೋಡಿದವರ ಹೃದಯ ಮತ್ತು ರಕ್ತನಾಳಗಳು ಉಳಿದವರಿಗಿಂತ ಬೇಗ ಮೊದಲಿನ ಸ್ಥಿತಿಗೆ ಬಂದವು. ಅಂದರೆ ನಗು ಭಯವನ್ನು ಮೈಯಿಂದ ಇಳಿಸುತ್ತದೆ.

ಇದರಲ್ಲಿ ಲಾಭವೂ ಇದೆ, ಅಪಾಯವೂ ಇದೆ. ಮೈ ಹಗುರಾದರೆ ಮುಂದಿನ ಭಯಕ್ಕೆ ಜಾಗ ಸಿಗುತ್ತದೆ. ಆದರೆ ದುಃಖದ ಘಟನೆ ಇನ್ನೂ ಮನಸ್ಸಿಗೆ ಇಳಿಯುವ ಮೊದಲೇ ನಗಿಸಿದರೆ? ಮನೋವಿಜ್ಞಾನಿ ಡಾಲ್ಫ್ ಜಿಲ್‌ಮನ್ ಇನ್ನೊಂದು ವಿಷಯ ತೋರಿಸಿದ್ದರು. ಒಂದು ದೃಶ್ಯದಿಂದ ಎದ್ದ ಉದ್ವೇಗ ಥಟ್ಟನೆ ಇಳಿಯುವುದಿಲ್ಲ. ಉಳಿದದ್ದು ಮುಂದಿನ ಭಾವಕ್ಕೆ ಸೇರಿಕೊಂಡು ಅದನ್ನು ಜೋರು ಮಾಡುತ್ತದೆ. ಅಪಘಾತದಿಂದ ಸ್ವಲ್ಪದರಲ್ಲೇ ಪಾರಾದವರು ಸಣ್ಣ ಮಾತಿಗೂ ಹೊಟ್ಟೆ ಹಿಡಿದು ನಗುವುದನ್ನು ನೀವೂ ನೋಡಿರಬಹುದು. ಹಾಗಾಗಿ ಹೂಳುವ ದೃಶ್ಯ ಮುಗಿದ ಮರುಕ್ಷಣ ಯಾರಾದರೂ ಹಾಸ್ಯ ಮಾಡಿದರೆ ಆ ಕೂಸಿಗೆ ಸಲ್ಲಬೇಕಾದದ್ದೆಲ್ಲ ಹಾಸ್ಯಕ್ಕೆ ಹರಿದುಹೋಗುತ್ತದೆ. ಗೇಮ್ ಬರೆದವರು ಆಡನ್ನು ಮೊದಲು ಇಟ್ಟರು, ಕೂಸನ್ನು ಆಮೇಲೆ. ಹೂಳುವಾಗ ಯಾರೂ ಏನೂ ಹಾಸ್ಯ ಮಾಡುವುದಿಲ್ಲ.

ಆದರೆ ಹೊತ್ತು ಸರಿಯಾಗಿದ್ದರೆ ಸಾಲದು. ಇದನ್ನು ನಾನು ಕಲಿತದ್ದು ಗೇಮಿನಿಂದಲ್ಲ, ನಮ್ಮ ಕಡೆಯ ಜನಪದ ನಾಟಕ ಸಣ್ಣಾಟದಿಂದ.

ಬೈಲಹೊಂಗಲ ಸೀಮೆಯವರಿಗೆ 'ಸಂಗ್ಯಾ ಬಾಳ್ಯಾ' ಹೇಳಿಕೊಡಬೇಕಾಗಿಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಅಲ್ಲೇ ನಡೆದ ಕೊಲೆಯೊಂದರಿಂದ ಹುಟ್ಟಿದ ಆಟ. ಸಂಗ್ಯಾನಿಗೆ ಇನ್ನೊಬ್ಬನ ಹೆಂಡತಿ ಗಂಗಿಯ ಮೇಲೆ ಮನಸ್ಸು. ನಡುವೆ ಓಡಾಡುವವಳು ಮುದುಕಿ ಪಾರಮ್ಮ. ಕೊನೆಗೆ ಜೀವದ ಗೆಳೆಯ ಬಾಳ್ಯಾನ ಮೋಸದಿಂದ ಸಂಗ್ಯಾ ಕೊಲೆಯಾಗುತ್ತಾನೆ. ಚಿಕ್ಕವನಿದ್ದಾಗ ಜಾತ್ರೆಯಲ್ಲಿ ಅಜ್ಜಿಯ ಸೆರಗು ಹೊದ್ದು ಕೂತು ನೋಡಿದ್ದೆ. ಪಾರಮ್ಮನ ಪಾತ್ರ ಮಾಡಿದವನು ಸೊಂಟ ಬಗ್ಗಿಸಿ, ಕೋಲೂರುತ್ತಾ ಬಂದು, ಮುಂದೆ ಕೂತ ಗೌಡರನ್ನೇ ಮಾತಿಗೆ ಎಳೆದ. ಜನ ಬಿದ್ದು ಬಿದ್ದು ನಕ್ಕರು. ಬೆಳಗಿನ ಜಾವ ಸಂಗ್ಯಾ ಬಿದ್ದಾಗ ಅದೇ ಜನ ಮೂಗು ಒರೆಸಿಕೊಳ್ಳುತ್ತಿದ್ದರು. ಅಜ್ಜಿ ಹೇಳಿದ್ದು ಈಗಲೂ ನೆನಪಿದೆ: "ಆ ಮುದಕಿ ಮಾತಿಗೆ ನಾವೂ ನಕ್ಕೇವಿ ನೋಡು."

ಆ ಮಾತಿನಲ್ಲಿ ಎಲ್ಲ ಇದೆ. ನಮ್ಮನ್ನು ನಗಿಸಿದವಳೇ ಆ ಸಾವಿನ ಮೊದಲ ಎಳೆ. ಅವಳ ಜೊತೆ ನಕ್ಕು ನಾವೂ ಆ ಊರಿನವರಾಗಿಬಿಟ್ಟಿದ್ದೆವು. ಆಟ ನಿಲ್ಲಿಸಿ ಬೇರೆ ಯಾರೋ ಕೋಡಂಗಿಯನ್ನು ತಂದು ನಗಿಸಿದ್ದರೆ ಹೀಗಾಗುತ್ತಿರಲಿಲ್ಲ. ನಗು ಮತ್ತು ನೋವು ಒಂದೇ ಓಣಿಯಲ್ಲಿ ಹುಟ್ಟಿರಬೇಕು.

ಒಳ್ಳೆಯ ಗೇಮುಗಳಲ್ಲಿ ಇದೇ ಕಾಣುತ್ತದೆ. ಜಪಾನಿನ 'ಡಾರ್ಕ್ ಸೋಲ್ಸ್' 2011ರದ್ದು, ಮೊದಲಿನಿಂದ ಕೊನೆವರೆಗೆ ಬರೀ ಹಾಳು ಊರು, ಸಾವು. ಅದರಲ್ಲಿ ಉಳ್ಳಾಗಡ್ಡಿ ಆಕಾರದ ಕವಚ ತೊಟ್ಟ ಒಬ್ಬ ಯೋಧ, ಸೀಗ್‌ಮಾಯರ್. ಮುಚ್ಚಿದ ಬಾಗಿಲ ಮುಂದೆ ಕೂತು "ಹ್ಮ್ಮ್" ಅಂತ ಯೋಚನೆ ಮಾಡುತ್ತಿರುತ್ತಾನೆ. ನೋಡಿದರೇ ನಗು ಬರುತ್ತದೆ. ಅವನಿಗೆ ಸಹಾಯ ಮಾಡುತ್ತಾ ಹೋದರೆ ಕಡೆಗೆ ಅವನು ಬುದ್ಧಿ ಕಳೆದುಕೊಂಡು, ಸ್ವಂತ ಮಗಳ ಕೈಯಲ್ಲೇ ಸಾಯಬೇಕಾಗುತ್ತದೆ. ಅಲ್ಲಿ ಸತ್ತ ನೂರಾರು ಜನರಲ್ಲಿ ಆಡಿದವರು ಹೆಚ್ಚು ನೆನೆಯುವವರಲ್ಲಿ ಇವನೂ ಒಬ್ಬ.

ನಗು ಅಂದ ತಕ್ಷಣ ಹಗುರ ಅಂತಲೂ ಅಲ್ಲ. 1994ರ 'ಫೈನಲ್ ಫ್ಯಾಂಟಸಿ 6'ರಲ್ಲಿ ಕೆಫ್ಕಾ ಎಂಬ ಖಳ ಕೋಡಂಗಿ ವೇಷದವನು. ಒಂದು ಕೋಟೆಯ ನೀರಿಗೆ ವಿಷ ಹಾಕಿಸಿ ಜನರನ್ನು ಕೊಲ್ಲುತ್ತಾನೆ, ಕೇಕೆ ಹಾಕಿ ನಗುತ್ತಾನೆ. ಆ ನಗುವೇ ಅವನನ್ನು ಭಯಂಕರ ಮಾಡುವುದು.

ಹಾಸ್ಯ ಎಲ್ಲಿ ಕೆಡುತ್ತದೆ ಅನ್ನುವುದಕ್ಕೆ ಪೀಟರ್ ಮೆಕ್‌ಗ್ರಾ ಮತ್ತು ಕ್ಯಾಲೆಬ್ ವಾರನ್ 2010ರಲ್ಲಿ ಒಂದು ವಿವರಣೆ ಕೊಟ್ಟರು. ಏನೋ ಒಂದು ಕಟ್ಟಳೆ ಮುರಿದಿರಬೇಕು, ಅದೇ ಹೊತ್ತಿಗೆ ಅದರಿಂದ ತೊಂದರೆ ಇಲ್ಲ ಅಂತಲೂ ಅನಿಸಬೇಕು. ಆಗ ನಗು ಬರುತ್ತದೆ. ಖಡ್ಗ ಹಿಡಿಯುವವನು ಗಂಟೆ ಹಿಡಿದದ್ದು ಹಾಗೆ. ಯಾರಿಗೂ ನೋವಿಲ್ಲ. ಆದರೆ ರೋಲ್ ಪ್ಲೇಯಿಂಗ್ ಗೇಮಿನಲ್ಲಿ ಆಡುವವನಿಗೂ ಘಟನೆಗೂ ದೂರ ಕಡಿಮೆ. ತಪ್ಪು ಮಾಡಿದ್ದು ಅವನದೇ ಬೆರಳು. ಸಿನೆಮಾದಲ್ಲಿ ನಗು ತರಿಸುವ ಮಾತೇ ಇಲ್ಲಿ ಚುಚ್ಚಬಹುದು. ಹುಡುಗರ ಗೇಮಿನ ಎರಡನೇ ರೂಪ ಸೋತದ್ದು ಇಲ್ಲೇ. ಬಾವಿಯ ದೆವ್ವ ಹೊರಗೆ ಬರುವಾಗ ಕಾಲು ಜಾರಿ ಬೀಳುವ ಹಾಗೆ ಮಾಡಿದರು. ಎಲ್ಲರೂ ನಕ್ಕರು. ಆಮೇಲೆ ಆ ದೆವ್ವಕ್ಕೆ ಯಾರೂ ಹೆದರಲಿಲ್ಲ, ಅದರ ಕಥೆ ಕೇಳಿ ಮರುಗಲೂ ಇಲ್ಲ.

ಇನ್ನೊಂದು ತೊಡಕು ಗೇಮಿಗಷ್ಟೇ ಇರುವಂಥದ್ದು. ಸಣ್ಣಾಟದಲ್ಲಿ ಪಾರಮ್ಮ ಯಾವಾಗ ಬರಬೇಕು ಅನ್ನುವುದು ಆಟದವರ ಕೈಯಲ್ಲಿದೆ. ಗೇಮಿನಲ್ಲಿ ಅದು ಆಡುವವನ ಕೈಯಲ್ಲಿ. ಕಳೆದುಹೋದ ಸಾಕುಮಗಳನ್ನು ಹುಡುಕಬೇಕಾದ ಗೆರಾಲ್ಟ್, ಅಂದರೆ 'ದಿ ವಿಚರ್ 3'ರ ಆ ಬಿಳಿ ಕೂದಲಿನ ಬೇಟೆಗಾರ, ಮೂರು ತಾಸು ಗ್ವೆಂಟ್ ಅನ್ನುವ ಇಸ್ಪೀಟಿನಂಥ ಆಟ ಆಡುತ್ತಾ ಕೂರಬಹುದು. ಹಾಗಾಗಿ ಬರೆಯುವವರು ನಗುವನ್ನು ಹೊತ್ತಿನಲ್ಲಿ ಇಡದೆ ಜಾಗದಲ್ಲಿ ಇಡುತ್ತಾರೆ. 2023ರ 'ಬಾಲ್ಡರ್ಸ್ ಗೇಟ್ 3'ರಲ್ಲಿ ರಾತ್ರಿ ತಂಗುವ ಬಿಡಾರ ಅಂಥ ಜಾಗ. ಹಗಲೆಲ್ಲ ಏನೇ ಘೋರ ನಡೆದಿರಲಿ, ಅಲ್ಲಿ ಸ್ಕ್ರ್ಯಾಚ್ ಎಂಬ ನಾಯಿ ಚೆಂಡು ಹಿಡಿದು ಬರುತ್ತದೆ. ಎಸೆದರೆ ಓಡಿಹೋಗಿ ತರುತ್ತದೆ. ಬೇಕಾದವರು ಆಡಬಹುದು, ಬೇಡವಾದವರು ಮಲಗಬಹುದು.

ಈ ಜಾಗದ ಲೆಕ್ಕವನ್ನು ತಲೆಕೆಳಗು ಮಾಡಿದ್ದು ಟೋಬಿ ಫಾಕ್ಸ್ ಅವರ 'ಅಂಡರ್‌ಟೇಲ್', ಅದೂ 2015ರದ್ದೇ. ಹಿಮದ ನಡುವೆ ಒಂದು ಪುಟ್ಟ ಊರು. ಅಂಗಡಿಯಲ್ಲಿ ಮಾತು, ಊರ ತುಂಬ ತಮಾಷೆ. ಆದರೆ ದಾರಿಯಲ್ಲಿ ಸಿಕ್ಕವರನ್ನೆಲ್ಲ ಹುಡುಕಿ ಹುಡುಕಿ ಕೊಂದು ಬಂದವನಿಗೆ ಅದೇ ಊರು ಖಾಲಿ. ಅಂಗಡಿಯಲ್ಲಿ ಯಾರೂ ಇಲ್ಲ. ಒಂದು ಹನಿ ರಕ್ತ ತೋರಿಸದೆ ಇಷ್ಟು ಕತ್ತಲು ತರಬಹುದು ಅಂತ ನನಗೆ ಗೊತ್ತಿರಲಿಲ್ಲ. ಮೊದಲು ನಕ್ಕವನಿಗೆ ಮಾತ್ರ ಈ ಮೌನ ಕೇಳಿಸುತ್ತದೆ ಅಲ್ವಾ?

ಮಳೆಯ ಆ ಸಂಜೆ ಹುಡುಗ ಗೇಮ್ ಸೇವ್ ಮಾಡಿ ಎದ್ದ. ಅಡುಗೆ ಮನೆಯ ಕಟ್ಟೆ ಮೇಲೆ ಕೂತು ಚುರುಮುರಿ ತಿನ್ನುತ್ತಾ ತನ್ನ ಬಾವಿಯ ಬಗ್ಗೆ ಮಾತು ತೆಗೆದ. ನಾನು ಪಾರಮ್ಮನ ಕಥೆ ಹೇಳಿದೆ. ಬಹಳ ಹೊತ್ತು ಏನೂ ಅನ್ನಲಿಲ್ಲ.

ಮುಂದಿನ ತಿಂಗಳು ಅವರ ಗೇಮಿನ ಮೂರನೇ ರೂಪ ನೋಡಿದೆ. ಹೆಣಗಳನ್ನೆಲ್ಲ ತೆಗೆದುಹಾಕಿದ್ದರು. ಬಾವಿ ಕಟ್ಟೆಯ ಮೇಲೆ ಒಬ್ಬ ಮುದುಕಿ ಕೂತಿದ್ದಳು. ಬರಗಾಲದ ಊರು, ಬಾವಿಯಲ್ಲಿ ತೊಟ್ಟು ನೀರಿಲ್ಲ. ಆದರೂ ಹಾದುಹೋಗುವಾಗಲೆಲ್ಲ ಅವಳದು ಒಂದೇ ಪ್ರಶ್ನೆ: "ಕೊಡ ತುಂಬಿತೇನಪಾ?" ಹಾಸ್ಟೆಲ್ ಹುಡುಗರು ಪ್ರತಿ ಸಲ ನಕ್ಕರು. ಒಬ್ಬ ಬೇಕಂತಲೇ ಹಿಂದೆ ಮುಂದೆ ನಡೆದು ಆರು ಸಲ ಕೇಳಿಸಿಕೊಂಡ. ಆಮೇಲೆ ಬಾವಿಯ ತಳಕ್ಕೆ ಇಳಿದರು. ಕೆಸರಿನಲ್ಲಿ ಹೂತ ಒಂದು ಕೊಡ ಇತ್ತು, ಪಕ್ಕದಲ್ಲಿ ಚಿಕ್ಕ ಹುಡುಗನ ಚಪ್ಪಲಿ.

ಮೇಲೆ ಹತ್ತಿ ಬಂದಾಗ ಮುದುಕಿ ಅಲ್ಲೇ ಇದ್ದಳು. ಅದೇ ಮಾತು, ಅದೇ ದನಿ. ಆರು ಸಲ ಕೇಳಿಸಿಕೊಂಡಿದ್ದ ಹುಡುಗ ಅವಳ ಮುಂದೆ ತನ್ನ ಪಾತ್ರವನ್ನು ನಿಲ್ಲಿಸಿ, ಉತ್ತರ ಕೊಡುವ ಬಟನ್ ಯಾವುದು ಅಂತ ಕೇಳಿದ. ಅಂಥ ಬಟನ್ ಇನ್ನೂ ಮಾಡಿರಲಿಲ್ಲ.