ಹೊಸ ಇಂಜಿನ್ ಕೈಕೊಡುತ್ತಾ, ಹಳೇದೇ ವಾಸಿನಾ?

ಗೋಲಗುಂಬಜ್ ಎಕ್ಸ್‌ಪ್ರೆಸ್ ತಡವಾದ ದಿನ ವಿಜಯಪುರ ಸ್ಟೇಷನ್ನಿನ ಬೆಂಚುಗಳ ಮೇಲೆ ಕಾರಣ ಹುಡುಕುವ ಕೆಲಸ ಶುರುವಾಗುತ್ತದೆ. "ಇಂಜಿನ್ ಫೇಲ್ ಆಗಿರಬೇಕ್ರಿ" ಅಂತ ಒಬ್ಬರು. "ಡೀಸೆಲ್ ಇದ್ದಾಗ ಹಿಂಗ ಇರಲಿಲ್ಲ ಬಿಡ್ರಿ" ಅಂತ ಇನ್ನೊಬ್ಬರು. ಡೀಸೆಲ್ ಇದ್ದಾಗಲೂ ಹಿಂಗೇ ಇತ್ತು, ಅದು ಬೇರೆ ಮಾತು. ಆದರೆ ಹಳೇ ಇಂಜಿನ್ ನಂಬಬಹುದಿತ್ತು, ಹೊಸದು ನಾಜೂಕು ಎನ್ನುವ ಮಾತನ್ನು ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ಹಳೇ ಕರೆಂಟ್ ಇಂಜಿನ್ ವಾಸಿನಾ, ಹೊಸದಾ ಎಂದು ಅವನ್ನು ಓಡಿಸುವವರ ನಡುವೆಯೇ ಈ ವಾದ ಹಳೆಯದು. ಅದರ ಬೇರು 1990ರ ದಶಕದಲ್ಲಿದೆ.

ನಮ್ಮ ಭಾಗ ಆ ವಾದ ನೋಡಲೇ ಇಲ್ಲ, ಯಾಕೆಂದರೆ ಇಲ್ಲಿಗೆ ಕರೆಂಟ್ ತಂತಿ ಬಂದಿದ್ದೇ ತಡ. ಗದಗ–ಹೊಟಗಿ ಮಾರ್ಗ 1884ರ ಮೀಟರ್ ಗೇಜ್. ಅದು ಬ್ರಾಡ್ ಗೇಜ್ ಆಗಿದ್ದೇ 2000ರ ದಶಕದಲ್ಲಿ. ಆಮೇಲೂ ಓಡಿದ್ದು ಡೀಸೆಲ್ಲೇ. ಹೊಸಪೇಟೆ–ಹುಬ್ಬಳ್ಳಿ–ತಿನೈಘಾಟ್ ನಡುವಿನ ವಿದ್ಯುದೀಕರಣ ಉದ್ಘಾಟನೆಯಾಗಿದ್ದು 2023ರ ಮಾರ್ಚ್‌ನಲ್ಲಿ, ಹುಬ್ಬಳ್ಳಿಯ ಆ ಉದ್ದನೆಯ ಪ್ಲಾಟ್‌ಫಾರ್ಮ್ ಜೊತೆಗೇ. ಅಷ್ಟೊತ್ತಿಗೆ ಪಶ್ಚಿಮ ಬಂಗಾಳದ ಚಿತ್ತರಂಜನ್ ಕಾರ್ಖಾನೆ ಹಳೇ ಮಾದರಿಯ ಇಂಜಿನ್ ಕಟ್ಟುವುದನ್ನೇ ಬಿಟ್ಟು ಕೆಲವು ವರ್ಷ ಆಗಿತ್ತು.

ಹಳೇ ಮಾದರಿ ಅಂದರೆ ಮುಖ್ಯವಾಗಿ ಡಬ್ಲ್ಯೂಎಪಿ-4. ಬೆಂಗಳೂರಿನಿಂದ ಚೆನ್ನೈ ಕಡೆ ಓಡಾಡಿದವರು ಖಂಡಿತ ನೋಡಿರುತ್ತಾರೆ. 1980ರಲ್ಲಿ ರಾಜಧಾನಿ ಎಕ್ಸ್‌ಪ್ರೆಸ್‌ಗೆಂದು ಮಾಡಿದ ಡಬ್ಲ್ಯೂಎಪಿ-1ರ ಮುಂದಿನ ಪೀಳಿಗೆ ಇದು. ರೈಲಿನ ಡಬ್ಬಿಗಳು 24ರವರೆಗೆ ಬೆಳೆದಾಗ ಹೆಚ್ಚು ಶಕ್ತಿ ಬೇಕಾಯಿತು. ಸುಮಾರು 5,000 ಅಶ್ವಶಕ್ತಿ, ಗಂಟೆಗೆ 140 ಕಿ.ಮೀ. ವೇಗ. 2015ರವರೆಗೆ ಇಂಥವು 700ಕ್ಕೂ ಜಾಸ್ತಿ ತಯಾರಾದವು.

ಇದರ ಒಳಗಿನ ಕೆಲಸ ಕಣ್ಣಿಗೆ ಕಾಣುವಂಥದ್ದು. ಮೇಲಿನ ತಂತಿಯಿಂದ 25,000 ವೋಲ್ಟ್, ಇಂಜಿನ್ ತಲೆಯ ಮೇಲಿನ ಪ್ಯಾಂಟೋ ಎನ್ನುವ ಚೌಕಟ್ಟಿನ ಮೂಲಕ ಇಳಿಯುತ್ತದೆ. ಟ್ರಾನ್ಸ್‌ಫಾರ್ಮರ್‌ಗೆ ಒಂದು ಟ್ಯಾಪ್ ಚೇಂಜರ್ ಇದೆ, ಸಿಬ್ಬಂದಿ ಬಾಯಲ್ಲಿ ಅದು ಜಿಆರ್. 32 ಮೆಟ್ಟಿಲು. ಒಂದೊಂದು ಮೆಟ್ಟಿಲು, ಅಂದರೆ ನಾಚ್, ಏರಿದಂತೆ ಮೋಟಾರಿಗೆ ಹೋಗುವ ವೋಲ್ಟೇಜ್ ಏರುತ್ತದೆ. ನಡುವೆ ರೆಕ್ಟಿಫೈಯರ್ ಎಸಿಯನ್ನು ಡಿಸಿ ಮಾಡುತ್ತದೆ. ಕೊನೆಗೆ ಆರು ಡಿಸಿ ಮೋಟಾರು, ಕಾರ್ಬನ್ ಬ್ರಶ್ ಇರುವಂಥವು.

ಕೆಡುವ ಜಾಗಗಳಿಗೇನೂ ಬರ ಇರಲಿಲ್ಲ. ಬ್ರಶ್ ಸವೆಯುತ್ತದೆ. ಮೋಟಾರಿನ ಒಳಗೆ ಕಿಡಿ ಹಾರಿ ಸುಡುತ್ತದೆ. ಜಿಆರ್ ಅರ್ಧದಲ್ಲಿ ಸಿಕ್ಕಿಕೊಳ್ಳುತ್ತದೆ. ಮುಖ್ಯ ಬ್ರೇಕರ್ ಆದ ಡಿಜೆ ಬಿದ್ದರೆ ಮತ್ತೆ ಹಾಕಲು ಬರುವುದೇ ಇಲ್ಲ.

ಆದರೂ ಹಳೇ ಲೋಕೋ ಪೈಲಟ್‌ಗಳು ಇದನ್ನು ಹೊಗಳುತ್ತಾರೆ. ಕಾರಣ ಸರಳ. ಕೆಟ್ಟರೆ ಅವರೇ ಏನಾದರೂ ಮಾಡಿ ಮುಂದಕ್ಕೆ ತರಬಹುದಿತ್ತು. ಆರರಲ್ಲಿ ಒಂದು ಮೋಟಾರ್ ಹೋಯಿತಾ? ಸ್ವಿಚ್ ತಿರುಗಿಸಿ ಅದನ್ನು ಬಿಟ್ಟು ಐದರಲ್ಲಿ ಎಳೆಯುತ್ತಿದ್ದರು. ಯಾವ ರಿಲೇ (ದೋಷ ಕಂಡರೆ ಕರೆಂಟ್ ಕಡಿಸುವ ಸ್ವಿಚ್) ಬಿದ್ದಿದೆ ಎಂದು ನೋಡಿ, ಪುಸ್ತಕದಲ್ಲಿ ಹೇಳಿದಂತೆ ಮೋಟಾರು, ಬ್ಲೋವರ್ ಎಲ್ಲ ಪರೀಕ್ಷಿಸಿ, ಅನುಮತಿ ಇರುವ ರಿಲೇಗೆ ಒಂದು ಸಣ್ಣ ಬೆಣೆ ಸಿಕ್ಕಿಸಿ ಹೊರಡುತ್ತಿದ್ದರು. ಜಿಆರ್ ತಾನಾಗಿ ಏರದಿದ್ದರೂ ದಾರಿ ಇತ್ತು. ಅಸಿಸ್ಟೆಂಟ್ ಹಿಂದಿನ ಕಾರಿಡಾರಿನಲ್ಲಿ ನಿಂತು, ಆ ಶಬ್ದ ಮತ್ತು ಸೆಖೆಯಲ್ಲಿ, ಕ್ಯಾಬ್‌ನಿಂದ ಸೂಚನೆ ಬಂದ ಹಾಗೆ ಹಿಡಿಕೆ ತಿರುಗಿಸಿ ನಾಚ್ ಏರಿಸುವುದು, ಇಳಿಸುವುದು. ರೈಲು ತಡವಾಗಿಯಾದರೂ ಊರು ಸೇರುತ್ತಿತ್ತು. ಇಂಜಿನ್ನೇನೂ ಗಟ್ಟಿ ಇರಲಿಲ್ಲ. ಗಟ್ಟಿ ಇದ್ದದ್ದು ಆ ಇಬ್ಬರು. ಅವರ ಜಾಣತನದಿಂದ ಎಷ್ಟೋ ದೋಷಗಳು ಪ್ರಯಾಣಿಕರಿಗೆ ಗೊತ್ತೇ ಆಗುತ್ತಿರಲಿಲ್ಲ.

1993ರಲ್ಲಿ ರೈಲ್ವೆ ಯುರೋಪಿನ ಎಬಿಬಿ ಕಂಪನಿಗೆ 33 ಇಂಜಿನ್‌ಗಳ ಆರ್ಡರ್ ಕೊಟ್ಟಿತು, ತಂತ್ರಜ್ಞಾನವನ್ನೂ ಕೊಡಬೇಕು ಎನ್ನುವ ಕರಾರಿನ ಮೇಲೆ. ಅದರಲ್ಲಿ ಬಂದದ್ದು ಪ್ರಯಾಣಿಕ ರೈಲಿನ ಡಬ್ಲ್ಯೂಎಪಿ-5 ಮತ್ತು ಗೂಡ್ಸ್‌ನ ಡಬ್ಲ್ಯೂಎಜಿ-9. ಆ ಗೂಡ್ಸ್ ಇಂಜಿನ್ನಿನ ಗೇರ್ ಬದಲಿಸಿ 2000ದ ಹೊತ್ತಿಗೆ ಚಿತ್ತರಂಜನ್‌ನಲ್ಲಿ ಮಾಡಿದ್ದೇ ಡಬ್ಲ್ಯೂಎಪಿ-7. ಇವತ್ತು ನಮ್ಮ ಎಕ್ಸ್‌ಪ್ರೆಸ್‌ಗಳ ಮುಂದೆ ಕಾಣುವುದು ಇದೇ. 6,000ಕ್ಕೂ ಜಾಸ್ತಿ ಅಶ್ವಶಕ್ತಿ.

ಇದರಲ್ಲಿ ಟ್ಯಾಪ್ ಚೇಂಜರ್ ಇಲ್ಲ, ಮೋಟಾರಿಗೆ ಬ್ರಶ್ ಇಲ್ಲ. ಮೂರು ಫೇಸಿನ ಮೋಟಾರು, ನಮ್ಮ ಹೊಲದ ಬೋರ್‌ವೆಲ್ ಮೋಟಾರಿನ ಜಾತಿಯದೇ. ಅದಕ್ಕೆ ಬೇಕಾದ ಕರೆಂಟನ್ನು ಕನ್ವರ್ಟರ್ ತಯಾರಿಸುತ್ತದೆ. ಎಲ್ಲದರ ಮೇಲೆ ಕಂಪ್ಯೂಟರ್ ಕಣ್ಣಿಟ್ಟಿರುತ್ತದೆ. ಬ್ರೇಕ್ ಹಾಕಿದಾಗ ಅದೇ ಮೋಟಾರು ಕರೆಂಟ್ ಹುಟ್ಟಿಸಿ ತಂತಿಗೆ ವಾಪಸ್ ಕಳಿಸುತ್ತದೆ.

ಶುರುವಿನ ವರ್ಷಗಳಲ್ಲಿ ಇದು ಕಾಡಿತು. ಆಗ ಕನ್ವರ್ಟರಿನಲ್ಲಿದ್ದ ಸ್ವಿಚ್‌ಗಳು ಜಿಟಿಓ ಎನ್ನುವ ಜಾತಿಯವು. ಅವನ್ನು ಆನ್–ಆಫ್ ಮಾಡಲು ಬೇರೆಯದೇ ಜಟಿಲ ಸರ್ಕ್ಯೂಟು ಬೇಕು. ಬಿಸಿಯೂ ಜಾಸ್ತಿ. ನಮ್ಮ ಧೂಳು, ನಮ್ಮ ಬಿಸಿಲು. ಎಲೆಕ್ಟ್ರಾನಿಕ್ ಕಾರ್ಡ್ ಹೋದರೆ ಬದಲಿ ಕಾರ್ಡ್ ವಿದೇಶದಿಂದ ಬರಬೇಕು. ಮೇಲಾಗಿ ಶೆಡ್ಡಿನ ಮಂದಿ ಬೆಳೆದದ್ದು ರಿಲೇ, ಸ್ಪ್ಯಾನರ್ ಜೊತೆ. ಲ್ಯಾಪ್‌ಟಾಪ್ ಜೋಡಿಸಿ ದೋಷ ಓದುವುದನ್ನು ಹೊಸದಾಗಿ ಕಲಿಯಬೇಕಾಯಿತು. "ಹೊಸದು ನಾಜೂಕು" ಎಂಬ ಮಾತು ಹುಟ್ಟಿದ್ದು ಆಗ. ಆಗಿನ ಮಟ್ಟಿಗೆ ಅದು ಸುಳ್ಳೇನೂ ಅಲ್ಲ. ಆಮೇಲೆ ಜಿಟಿಓ ಬದಲು ಐಜಿಬಿಟಿ ಬಂತು. ಅದನ್ನು ನಡೆಸುವುದು ಸುಲಭ. ಬಿಎಚ್‌ಇಎಲ್, ಹೈದರಾಬಾದಿನ ಮೇಧಾ ಥರದ ಕಂಪನಿಗಳು ಇಲ್ಲೇ ಸಾಮಾನು ಮಾಡತೊಡಗಿದವು. ಬದಲಿ ಭಾಗ ಕೈಗೆ ಸಿಗುವ ಹಾಗಾಯಿತು. ಈಗಿನ ಡಬ್ಲ್ಯೂಎಪಿ-7 ಮತ್ತು 2000ದ ಡಬ್ಲ್ಯೂಎಪಿ-7 ಹೊರಗಿನಿಂದ ಒಂದೇ ಥರ ಕಂಡರೂ ಒಳಗೆ ಬೇರೆ ಬೇರೆ. ಹಳೇ ಅನುಭವ ಇಟ್ಟುಕೊಂಡು ಈಗಿನದನ್ನು ಅಳೆದರೆ ತಪ್ಪು ಲೆಕ್ಕ ಬರುತ್ತದೆ.

ಹುಬ್ಬಳ್ಳಿ ಶೆಡ್ಡಿಗೆ ಇಂಥ ಬದಲಾವಣೆ ಹೊಸದಲ್ಲ. ಅಲ್ಲಿಯವರು ಹೊಗೆ ಉಗುಳುವ ಆಲ್ಕೋ ಎನ್ನುವ ಹಳೇ ಮಾದರಿಯ ಡೀಸೆಲ್‌ಗಳನ್ನು ನೋಡಿಕೊಳ್ಳುತ್ತಿದ್ದರು. 2001ರ ಸುಮಾರಿಗೆ ಅಮೆರಿಕದಿಂದ ಡಬ್ಲ್ಯೂಡಿಪಿ-4 ಬಂದಾಗ ಅದರಲ್ಲೂ ಕಂಪ್ಯೂಟರ್ ಇತ್ತು, ಮೂರು ಫೇಸಿನ ಮೋಟಾರಿತ್ತು. ಆ ಕಲಿಕೆ ಈಗ ಕರೆಂಟ್ ಇಂಜಿನ್ನಿಗೂ ಉಪಯೋಗಕ್ಕೆ ಬರುತ್ತಿದೆ ಎಂದೇ ನನ್ನ ಅನಿಸಿಕೆ.

ಹಾಗಾದರೆ ಈಗ ದೂರೇ ಇಲ್ಲವಾ? ಇದೆ, ಆದರೆ ಬೇರೆ ಥರದ್ದು. ಹೊಸ ಇಂಜಿನ್ ಕೆಡುವುದು ಕಡಿಮೆ. ಕೆಟ್ಟಾಗ ಮಾತ್ರ ಲೋಕೋ ಪೈಲಟ್ ಕೈಯಲ್ಲಿ ಮಾಡಲು ಜಾಸ್ತಿ ಏನೂ ಉಳಿದಿಲ್ಲ. ದೋಷದ ದೀಪ ಹತ್ತುತ್ತದೆ, ಪರದೆಯ ಮೇಲೆ ಮೆಸೇಜ್ ಬರುತ್ತದೆ. ದೋಷ ನೋಡಿದೆ ಎಂದು ತಿಳಿಸುವ ಬಟನ್ ಒತ್ತಬೇಕು. ಹೋಗದಿದ್ದರೆ ಎಲ್ಲ ಆಫ್ ಮಾಡಿ, ಸ್ವಲ್ಪ ಕಾದು, ಕಂಪ್ಯೂಟರನ್ನು ಮತ್ತೆ ಎಬ್ಬಿಸಬೇಕು. ಆಗಲೂ ಒಂದು ಕನ್ವರ್ಟರ್ ಏಳದಿದ್ದರೆ ಅದರ ಕೆಳಗಿನ ಮೂರು ಮೋಟಾರೂ ಒಟ್ಟಿಗೇ ಹೋದವು. ಹಳೇದರಲ್ಲಿ ಕಳಕೊಳ್ಳುತ್ತಿದ್ದದ್ದು ಆರರಲ್ಲಿ ಒಂದು, ಇಲ್ಲಿ ಅರ್ಧಕ್ಕರ್ಧ. ತುಂಬಿದ ರೈಲು, ಏರು ದಾರಿ ಇದ್ದರೆ ಅಲ್ಲೇ ನಿಂತಂತೆ.

ಇನ್ನೊಂದು ಹೊರೆಯೂ ಈಗ ಇಂಜಿನ್ ತಲೆಗೆ ಬಂದಿದೆ. ಎಲ್‌ಎಚ್‌ಬಿ ಎನ್ನುವ ಹೊಸ ಮಾದರಿಯ ಡಬ್ಬಿಗಳ ದೀಪ, ಫ್ಯಾನು, ಎಸಿಗೆ ಮೊದಲು ಹಿಂದೆ ಮುಂದೆ ಡೀಸೆಲ್ ಜನರೇಟರ್ ಡಬ್ಬಿ ಇರುತ್ತಿತ್ತು. ಈಗ ಡಬ್ಲ್ಯೂಎಪಿ-7ನಿಂದಲೇ ಆ ಕರೆಂಟ್ ಹೋಗುತ್ತದೆ. ಗದ್ದಲ ಇಲ್ಲ, ಡೀಸೆಲ್ ಉಳಿತಾಯ, ಒಳ್ಳೆಯದೇ. ಆದರೆ ಇಂಜಿನ್ನಿನ ಆ ಕನ್ವರ್ಟರ್ ಕೆಟ್ಟರೆ ರೈಲು ಓಡುತ್ತಿದ್ದರೂ ಎಸಿ ಡಬ್ಬಿಯವರು ಬೈಯುವುದು ಇಂಜಿನ್ನನ್ನೇ. ಮರದ ಕೊಂಬೆ ಬಿದ್ದು ಮೇಲಿನ ತಂತಿ ತುಂಡಾದರೂ ಪ್ಲಾಟ್‌ಫಾರ್ಮ್ ಭಾಷೆಯಲ್ಲಿ ಅದು "ಇಂಜಿನ್ ಫೇಲ್". ಡೀಸೆಲ್‌ಗೆ ಈ ತಂತಿಯ ತಲೆನೋವು ಇರಲಿಲ್ಲ ಎನ್ನುವುದು ಮಾತ್ರ ಒಪ್ಪಬೇಕಾದ ಮಾತು.

2025ರ ಆಗಸ್ಟ್‌ನಿಂದ ಬೆಂಗಳೂರು–ಬೆಳಗಾವಿ ನಡುವೆ ಓಡುತ್ತಿರುವ ವಂದೇ ಭಾರತ್‌ನಲ್ಲಿ ಬೇರೆ ಇಂಜಿನ್ನೇ ಇಲ್ಲ. ಡಬ್ಬಿಗಳ ಕೆಳಗೇ ಮೋಟಾರು ಹಂಚಿರುತ್ತಾರೆ. ಒಂದು ಕಡೆ ಕೆಟ್ಟರೂ ಉಳಿದವು ಎಳೆಯುತ್ತವೆ. ಹಳೇ ಡಬ್ಲ್ಯೂಎಪಿ-4ರ ಗುಣವನ್ನೇ ಇಲ್ಲಿ ಬೇರೆ ದಾರಿಯಲ್ಲಿ ತಂದಿದ್ದಾರೆ, ಅಲ್ವಾ?

ಬಸವ ಎಕ್ಸ್‌ಪ್ರೆಸ್‌ನಲ್ಲಿ ಬಾಗಲಕೋಟೆಗೆ ಬರುವವರಿಗೆ, ಗೋಲಗುಂಬಜ್‌ನಲ್ಲಿ ಇಂಡಿ ರೋಡ್‌ಗೆ ಹೋಗುವವರಿಗೆ ಆ ಸೌಲಭ್ಯ ಇಲ್ಲ. ಅಲ್ಲಿ ಒಂದು ರೈಲಿಗೆ ಒಂದೇ ಇಂಜಿನ್. ಆಲಮಟ್ಟಿ, ವಂದಾಲದ ನಡುವೆ ಅದು ನಿಂತಿತೆಂದರೆ ಬದಲಿ ಇಂಜಿನ್ ಒಂದೋ ಗದಗ ಕಡೆಯಿಂದ, ಇಲ್ಲಾ ಸೊಲ್ಲಾಪುರ ಕಡೆಯಿಂದ ಬರಬೇಕು. ಒಂಟಿ ಹಳಿಯಾದರೆ ಎದುರಿನ ರೈಲೂ ಹಿಂದಿನ ಸ್ಟೇಷನ್ನಿನಲ್ಲೇ ಕಾಯಬೇಕು. 284 ಕಿ.ಮೀ. ಉದ್ದದ ಗದಗ–ಹೊಟಗಿ ಜೋಡಿ ಮಾರ್ಗಕ್ಕೆ ಈ ಭಾಗದವರು ಅಷ್ಟು ವರ್ಷ ಬಡಿದಾಡಿದ್ದು ಇದೇ ಕಾರಣಕ್ಕೆ.